ಸಹಾಯ ಬೇಕು: ಗೋಡೆಯ ತೇವ ಮಳೆಯದೋ, ಪೈಪಿನದೋ?

ತೀರ್ಥಹಳ್ಳಿ ಸಮೀಪದ ನಮ್ಮ ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಎಲ್ಲ ನಲ್ಲಿಗಳನ್ನು ಮುಚ್ಚಿ ಮಲಗಿದರೂ, ಬೆಳಗಾಗುವಷ್ಟರಲ್ಲಿ ಮೇಲಿನ ಟ್ಯಾಂಕಿನ ನೀರು ಸಾಕಷ್ಟು ಇಳಿದಿರುತ್ತದೆ. ಟ್ಯಾಂಕಿನ ಬುಡದ ಗೇಟ್‌ವಾಲ್ವ್ ಮುಚ್ಚಿದ ರಾತ್ರಿ ಮಾತ್ರ ಮಟ್ಟ ಇಳಿಯುವುದಿಲ್ಲವಾದ್ದರಿಂದ ಟ್ಯಾಂಕು ಸರಿಯಿದೆ. ಕಮೋಡಿನ ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಕಾದು ನೋಡಿದಾಗ ಬಣ್ಣ ಕೆಳಗಿಳಿಯಲಿಲ್ಲ. ಗೀಸರಿಗೆ ಹೋಗುವ ವಾಲ್ವ್ ಮುಚ್ಚಿದರೂ ಟ್ಯಾಂಕಿನ ನೀರು ಇಳಿಯುತ್ತಲೇ ಇರುವುದರಿಂದ ತಣ್ಣೀರಿನ ಲೈನಿನ ಮೇಲೆಯೇ ಅನುಮಾನ. ಆದರೆ ಮಳೆಗಾಲವಾದ್ದರಿಂದ ಗೋಡೆಗಳೆಲ್ಲ ತೇವಗೊಂಡಿದ್ದು (ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ), ಸೋರುವ ಜಾಗ ಯಾವುದೆಂದು ತಿಳಿಯುತ್ತಿಲ್ಲ. ಬಚ್ಚಲುಮನೆಯ ಟೈಲ್ಸ್ ಪೂರ್ತಿ ಒಡೆಯಬೇಕೆಂದು ಪ್ಲಂಬರ್ ಹೇಳುತ್ತಾರೆ, ನನಗದು ಅವಸರವೆನಿಸುತ್ತದೆ. ಏನನ್ನೂ ಒಡೆಯುವ ಮೊದಲು, ಗೋಡೆಯೊಳಗಿನ ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಪೈಪಿನ ಅಡುಗೆಮನೆ ಮತ್ತು ಬಚ್ಚಲುಮನೆಯ ಕವಲುಗಳನ್ನು ಬೇರೆ ಬೇರೆಯಾಗಿ ಮುಚ್ಚಿ, ಪೈಪ್ ಪರೀಕ್ಷೆಯ ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಅದು ಇಳಿಯುತ್ತದೆಯೇ ಎಂದು ಪರೀಕ್ಷಿಸಿದರೆ ಸೋರಿಕೆ ಯಾವ ಕವಲಿನಲ್ಲಿದೆ ಎಂಬುದು ಖಚಿತವಾಗುವುದೇ? ಮಾಡಿಸಿದವರು ದಯವಿಟ್ಟು ತಿಳಿಸಿ.