ಅಯಾನೈಸರ್ ಫ್ಯಾನ್ ತಿರುಗ್ತಾ ಇದೆ, ಆದರೂ ಡಿಸ್‌ಪ್ಲೇ ಹೋಗ್ತಾ ಇವೆ. ಯಾಕೆ?

ಮಂಡಕ್ಕಿಮಿರ್ಚಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆ ಹತ್ತಿರ ನಂದೊಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ ಇದೆ. ಎರಡು ವರ್ಷದ ಹಿಂದೆ ಟೇಬಲ್ ಮೇಲೆ ಇಡುವ ಅಯಾನೈಸರ್ ಫ್ಯಾನ್ ತಗೊಂಡೆ, ಬಿಡಿಭಾಗ ಹಾಳು ಮಾಡುವ ಸ್ಟ್ಯಾಟಿಕ್ ಚಾರ್ಜನ್ನು ಗಾಳಿಯಿಂದಲೇ ಕಳೆಯುವಂಥದ್ದು. ಮಾರಿದವರು "ಹಾಕಿ ಮರೆತುಬಿಡಿ, ಮೇಂಟೆನೆನ್ಸ್ ಏನೂ ಇಲ್ಲ" ಅಂದಿದ್ದರು. ನಾನೂ ಮರೆತುಬಿಟ್ಟೆ.

ಈ ಜನವರಿಯಲ್ಲಿ ಮೂರು ಹೊಸ ಡಿಸ್‌ಪ್ಲೇ ಹೋದವು. ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆಯುವಾಗ ಚರಚರ ಅನ್ನುತ್ತದೆ. ಕೂರಿಸಿ ಆನ್ ಮಾಡಿದರೆ ಉದ್ದಕ್ಕೆ ಗೆರೆ. ಮೂರೂ ನನ್ನ ಜೇಬಿನಿಂದಲೇ ಹೋಯಿತು. ರಿಸ್ಟ್ ಸ್ಟ್ರಾಪ್ (ಮೈಯನ್ನು ಅರ್ಥಿಂಗ್‌ಗೆ ಸೇರಿಸುವ ಮಣಿಕಟ್ಟಿನ ಪಟ್ಟಿ) ಹಾಕುತ್ತೇನೆ, ಅರ್ಥಿಂಗ್ ಸರಿಯಿದೆ. ಅಯಾನೈಸರ್ ಹಸಿರು ದೀಪ ಉರಿಯುತ್ತದೆ, ಗಾಳಿಯೂ ಬರುತ್ತದೆ. ಆದರೆ ಸಂಜೆ ಮಂಡಕ್ಕಿ ತಿಂದ ಕವರ್ ಅದರ ಮುಂದೆ ಇಟ್ಟರೂ ಪುಡಿ ಅಂಟಿಕೊಂಡೇ ಇರುತ್ತದೆ. ಇದು ಕೆಲಸ ಮಾಡ್ತಾ ಇದೆಯಾ ಇಲ್ವಾ ಅಂತ ತಿಳಿಯೋದು ಹೇಗೆ?

ತುಂಗಾತೀರ (ಹರಿಹರ):

ಮನೆಯ ಏರ್ ಪ್ಯೂರಿಫೈಯರ್‌ನಲ್ಲೂ ಅಯಾನೈಸರ್ ಬಟನ್ ಇರುತ್ತಲ್ಲ ಅಣ್ಣ, ಅದನ್ನೇ ಟೇಬಲ್ ಮೇಲೆ ಇಟ್ಟರೆ ಆಗಲ್ವಾ? ಸುಮ್ನೆ ಕೇಳಿದೆ.

ಕೋಟೆಗಾಳಿ (ಚಿತ್ರದುರ್ಗ):

ಹರಿಹರದವರೇ, ಬೇಡ. ಆ ಥರದ್ದು ಸಾಮಾನ್ಯವಾಗಿ ನೆಗೆಟಿವ್ ಅಯಾನ್ (ಚಾರ್ಜ್ ಇರುವ ಗಾಳಿಯ ಕಣ) ಮಾತ್ರ ಬಿಡುತ್ತದೆ. ಬೋರ್ಡ್ ಮುಂದೆ ಇಟ್ಟರೆ ಚಾರ್ಜ್ ತೆಗೆಯೋ ಬದಲು ತುಂಬುತ್ತದೆ. ನಮಗೆ ಬೇಕಾದ್ದು ಪಾಸಿಟಿವ್, ನೆಗೆಟಿವ್ ಎರಡನ್ನೂ ಸಮನಾಗಿ ಬಿಡುವಂಥದ್ದು.

ಈಗ ಮಂಡಕ್ಕಿ ಅಣ್ಣ, ನಿಮ್ಮದು. ಮೊದಲು ಒಂದು ಮಾತು: ಮಿರ್ಚಿ ಎಣ್ಣೆ ಹತ್ತಿದ ಪುಡಿ ಸ್ಟ್ಯಾಟಿಕ್ ಇಲ್ಲದಿದ್ದರೂ ಅಂಟುತ್ತದೆ, ಅದನ್ನು ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ!

ಪೀಣ್ಯದಲ್ಲಿ ಬೋರ್ಡ್ ತಯಾರಿಸುವ ಕಡೆ 9 ವರ್ಷ ಇದ್ದೆ. ಸೋಮವಾರ ಬೆಳಿಗ್ಗೆ ನನ್ನ ಮೊದಲ ಕೆಲಸವೇ ಅಯಾನೈಸರ್ ಸೂಜಿ ಒರೆಸೋದು. ಫ್ಯಾನ್ ಜಾಲರಿ ಹಿಂದೆ ಇಣುಕಿ ನೋಡಿ, ಸುತ್ತಲೂ ಚೂಪು ಸೂಜಿ ಕಾಣುತ್ತವೆ. ಅವಕ್ಕೆ ಸಾವಿರಾರು ವೋಲ್ಟ್ ಹೋಗುತ್ತದೆ, ಅಯಾನ್ ಹುಟ್ಟುವುದು ಆ ತುದಿಯಲ್ಲೇ. ಗಾಳಿಯ ಧೂಳೂ ಅಲ್ಲೇ ಸೇರಿ ಹತ್ತಿಯ ಹಾಗೆ ಬಿಳಿ ಬೂಷ್ಟು ಕಟ್ಟುತ್ತದೆ. ಆಮೇಲೆ ಫ್ಯಾನ್ ಬರೀ ಫ್ಯಾನ್ ಅಷ್ಟೇ. ಅನೇಕ ಮಾಡೆಲ್‌ಗಳಲ್ಲಿ ಹಸಿರು ದೀಪ ಹೇಳುವುದು ಕರೆಂಟ್ ಬಂದಿದೆ ಅಂತ ಮಾತ್ರ. ಎರಡು ವರ್ಷ ಮುಟ್ಟಿಲ್ಲ ಅಂದರೆ ನಿಮ್ಮದೂ ಇದೇ ಕಥೆ ಅಂತ ನನಗೆ ಅನುಮಾನ.

ಪ್ಲಗ್ ಕಿತ್ತು, ಫ್ಯಾನ್ ಪೂರ್ತಿ ನಿಂತ ಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿದ ಬಡ್ಸ್‌ನಿಂದ ಒಂದೊಂದೇ ಸೂಜಿ ಒರೆಸಿ. ಸೂಜಿ ಬಾಗಬಾರದು. ಉಪ್ಪುಕಾಗದದಿಂದ ಉಜ್ಜಬೇಡಿ, ತುದಿ ಹಾಳಾಗುತ್ತದೆ. ಐಪಿಎ ಪೂರ್ತಿ ಆರಿದ ಮೇಲೇ ಪ್ಲಗ್ ಹಾಕಿ. ಹಿಂದಿನ ಫಿಲ್ಟರ್ ಕೊಡವಿ. ಮತ್ತೆ, ಸೂಜಿಗೆ ಮಲ್ಟಿಮೀಟರ್ ಹಿಡಿಯೋ ಸಾಹಸ ಬೇಡ, ಅದು ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ.

ಪರೀಕ್ಷೆಗೆ ಕಾರ್ಖಾನೆಯಲ್ಲಿ ಚಾರ್ಜ್ಡ್ ಪ್ಲೇಟ್ ಮಾನಿಟರ್ ಇರುತ್ತದೆ. 15 ಸೆಂಟಿಮೀಟರ್ ಚೌಕದ ಪ್ಲೇಟಿಗೆ 1000 ವೋಲ್ಟ್ ಚಾರ್ಜ್ ಕೊಟ್ಟು, ಅದು 100ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಅಂತ ನೋಡ್ತಾರೆ. ಪಾಸಿಟಿವ್‌ಗೆ ಒಂದು ಸಲ, ನೆಗೆಟಿವ್‌ಗೆ ಒಂದು ಸಲ. ಆಮೇಲೆ ಪ್ಲೇಟನ್ನು ಸೊನ್ನೆಗೆ ತಂದು ಗಾಳಿಯಲ್ಲಿ ಹಾಗೇ ಬಿಟ್ಟರೆ ಎಷ್ಟು ವೋಲ್ಟ್ ಏರುತ್ತದೆ ಅನ್ನೋದು ಬ್ಯಾಲೆನ್ಸ್. ಸ್ಟ್ಯಾಟಿಕ್ ತಡೆಯುವ ಬಗ್ಗೆ ಇರುವ ಎಸ್20.20 ಸ್ಟ್ಯಾಂಡರ್ಡ್ ಪ್ರಕಾರ ಅದು ಆ ಕಡೆ ಈ ಕಡೆ 35 ವೋಲ್ಟ್ ಒಳಗಿರಬೇಕು.

ಆ ಮೀಟರ್ ದುಬಾರಿ. ಅಂಗಡಿಗೆ ಬಡವರ ಪರೀಕ್ಷೆ ಹೇಳ್ತೀನಿ, ಸಾಮಾನು ನಮ್ಮ ಜಿಲ್ಲೆಯದ್ದೇ. ಪಿವಿಸಿ ಪೈಪನ್ನು ಚಳ್ಳಕೆರೆ ಕಂಬಳಿಗೆ ಉಜ್ಜಿ, ನೆಗೆಟಿವ್ ಆಗುತ್ತದೆ. ಗಾಜಿನ ಲೋಟವನ್ನು ಮೊಳಕಾಲ್ಮೂರು ರೇಷ್ಮೆಗೆ ಉಜ್ಜಿ, ಪಾಸಿಟಿವ್. (ಮನೆಯವರನ್ನು ಕೇಳಿಯೇ ಸೀರೆ ಮುಟ್ಟಿ.) ಒಂದು ಅಡಿ ದೂರದಲ್ಲಿ ಫ್ಯಾನ್ ಗಾಳಿಗೆ ಹಿಡಿದು ಎಣಿಸಿ, ಪಕ್ಕಕ್ಕೆ ತಂದು ಕಾಗದದ ಚೂರು ಎತ್ತುತ್ತದಾ ನೋಡಿ. ಚೂರನ್ನು ಫ್ಯಾನ್ ಮುಂದೆ ಇಡಬೇಡಿ, ಗಾಳಿಗೇ ಹಾರಿಹೋಗುತ್ತವೆ. ಎರಡರ ಚಾರ್ಜೂ ಬೇಗ ಸತ್ತು ಚೂರು ಎತ್ತದಿದ್ದರೆ ಅಯಾನ್ ಬರ್ತಾ ಇದೆ ಅಂತ ಅರ್ಥ. 35 ವೋಲ್ಟ್ ಇದೆಯಾ ಇಲ್ವಾ ಅನ್ನೋದು ಇದರಲ್ಲಿ ಗೊತ್ತಾಗಲ್ಲ.

ರಿಸ್ಟ್ ಸ್ಟ್ರಾಪ್ ಬಿಡಬೇಡಿ. ಅದು ನಿಮ್ಮ ಮೈಯ ಚಾರ್ಜ್ ಇಳಿಸುತ್ತದೆ. ಪ್ಲಾಸ್ಟಿಕ್ ಹಾಳೆಗೆ ಅರ್ಥಿಂಗ್ ಕೊಟ್ಟು ಪ್ರಯೋಜನ ಇಲ್ಲ, ಅದಕ್ಕೇ ಅಯಾನೈಸರ್. ಹಾಳೆಯನ್ನು ಅದರ ಗಾಳಿಯಲ್ಲೇ ಹಿಡಿದು ನಿಧಾನಕ್ಕೆ ಎಳೆಯಿರಿ.

ಮಂಡಕ್ಕಿಮಿರ್ಚಿ:

ಸರ್, ಇವತ್ತು ಬಿಚ್ಚಿದೆ. ಸೂಜಿ ಅಲ್ಲ ಸರ್ ಅದು, ಎಕ್ಕದ ಹತ್ತಿ! ಒರೆಸುವ ಮೊದಲೂ ಪರೀಕ್ಷೆ ಮಾಡಿದ್ದೆ, 30 ಎಣಿಸಿದರೂ ಪೈಪ್ ಚೂರು ಎತ್ತುತ್ತಿತ್ತು. ಒರೆಸಿದ ಮೇಲೆ 4 ಎಣಿಸುವಷ್ಟರಲ್ಲಿ ಸತ್ತಿತು. ಆದರೆ ಗಾಜಿನ ಲೋಟಕ್ಕೆ ಇನ್ನೂ 15 ಬೇಕು. ಒಂದು ಸೂಜಿ ತುದಿ ಮೊಂಡಾಗಿದೆ. ಸೀರೆ ವಿಷಯ ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಕೋಟೆಗಾಳಿ:

ಲೋಟದ ಪಾಸಿಟಿವ್ ಚಾರ್ಜ್ ಕಳೆಯೋದು ನೆಗೆಟಿವ್ ಅಯಾನ್, ಅದು ಕಡಿಮೆ ಬರ್ತಾ ಇದೆ ಅಂತ ಕಾಣುತ್ತೆ. ಮೊಂಡಾಗಿದ್ದೊಂದನ್ನೇ ಅಲ್ಲ, ಪೂರ್ತಿ ಸೆಟ್ ಬದಲಿಸಿ. ಆಮೇಲೆ ಯಾರ ಹತ್ತಿರವಾದರೂ ಮೀಟರ್ ಸಿಕ್ಕರೆ ಬ್ಯಾಲೆನ್ಸ್ ಒಮ್ಮೆ ನೋಡಿಸಿ. ಅಲ್ಲಿಯವರೆಗೆ ದುಬಾರಿ ಡಿಸ್‌ಪ್ಲೇ ಬಿಚ್ಚಬೇಡಿ. ಎಣಿಸಿದ್ದನ್ನು ತಾರೀಖು ಹಾಕಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ, 4 ಇದ್ದದ್ದು 8 ಆದ ದಿನ ಮತ್ತೆ ಒರೆಸಿ.