ಅಪ್‌ಡೇಟ್: ಅಕ್ಕನಿಗೆ ಹಳೇ ಪಿಂಚಣಿ ಸಿಕ್ಕಿತು

ಅಕ್ಕ ಕೇಂದ್ರ ಸರ್ಕಾರಿ ಕೆಲಸಕ್ಕೆ ಸೇರಿದ್ದು 2004ರಲ್ಲಿ. ಹುದ್ದೆಯ ಜಾಹೀರಾತು ಬಂದಿದ್ದು ಮಾತ್ರ 2003ರ ಮಧ್ಯದಲ್ಲೇ. ಅವಳಿಗೆ ಹಳೇ ಪಿಂಚಣಿ (ನಿವೃತ್ತಿ ಆದ ಮೇಲೆ ಸರ್ಕಾರವೇ ನಿಗದಿತ ಮೊತ್ತ ಕೊಡುವ ಪದ್ಧತಿ) ಸಿಗುತ್ತಾ ಅಂತ ಹಿಂದೆ ಕೇಳಿದ್ದೆ.

ಸಿಕ್ಕಿದೆ! ಕೈ ಹಿಡಿದಿದ್ದು 3-3-2023ರ ಆದೇಶ. ಎನ್‌ಪಿಎಸ್ (ಹಳೇ ಪಿಂಚಣಿ ಬದಲು 2004ರಿಂದ ಸೇರಿದವರಿಗೆ ಬಂದ, ಸಂಬಳದಿಂದ ಪಾಲು ಕಟ್ ಆಗುವ ಹೊಸ ಪಿಂಚಣಿ ಯೋಜನೆ) ಅಧಿಸೂಚನೆ ಹೊರಬಿದ್ದಿದ್ದು 22-12-2003ರಂದು. ಅದಕ್ಕಿಂತ ಮೊದಲೇ ಜಾಹೀರಾತಾದ ಹುದ್ದೆಗೆ ಆಮೇಲೆ ಸೇರಿದವರು ಒಂದೇ ಒಂದು ಸಲ ಹಳೇ ಪಿಂಚಣಿ ಆರಿಸಿಕೊಳ್ಳಬಹುದಿತ್ತು. 31-8-2023 ಕೊನೆ ದಿನ. ಸುಮ್ನೆ ಕೂತವರು ಎನ್‌ಪಿಎಸ್‌ನಲ್ಲೇ ಉಳಿದರು.

ಎಲ್ಲಾ ನಿಂತಿದ್ದು ಜಾಹೀರಾತಿನ ತಾರೀಕಿನ ಮೇಲೆ. ಕಚೇರಿಯಲ್ಲಿ ಸೇರಿದ ದಿನ ಮಾತ್ರ ನೋಡಿ ಅರ್ಜಿ ವಾಪಸ್ ಕೊಟ್ಟಿದ್ದರು. ಅಕ್ಕ ಜಾಹೀರಾತಿನ ಹಳೇ ಪ್ರತಿ ಹುಡುಕಿ ಲಗತ್ತಿಸಿದ ಮೇಲೆ ಒಪ್ಪಿದರು. ನೇಮಕಾತಿ ತಡವಾಗಿದ್ದು ಅವಳ ತಪ್ಪಲ್ಲ, ಅಲ್ವಾ? ಇಷ್ಟು ವರ್ಷ ಅದೇ ನೋವು ನಮಗೆ ಜಾಸ್ತಿ ಕಾಡಿತ್ತು.

ದುಡ್ಡಿನ ವಿಷಯ: ಎನ್‌ಪಿಎಸ್‌ಗೆ ಅವಳ ಸಂಬಳದಿಂದ ಕಟ್ ಆಗಿದ್ದ ಪಾಲು ಜಿಪಿಎಫ್‌ಗೆ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಹೋಯಿತು, ಸರ್ಕಾರ ಹಾಕಿದ್ದು ಸರ್ಕಾರಕ್ಕೇ ವಾಪಸ್.

ಕರ್ನಾಟಕ ರಾಜ್ಯ ನೌಕರರಿಗೂ ಇದೇ ಥರದ ಆದೇಶ 2024ರ ಜನವರಿಯಲ್ಲಿ ಬಂತು. ಅಲ್ಲಿ ನೋಡುವ ತಾರೀಕು 1-4-2006.