ಪದಚರ್ಚೆ: ‘ಮೊದಲೇ ಗೊತ್ತುಮಾಡಿದರು’ ಎಂದರೆ ಹಣೆಬರಹವೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನಲ್ಲಿ ದೊಡ್ಡವರಿಗಾಗಿ ನಡೆಯುವ ಧರ್ಮೋಪದೇಶ ತರಗತಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಗಾಡಿ ನಿಂತಿದೆ. ಇಂಗ್ಲಿಷಿನಲ್ಲಿ ಪ್ರಿಡೆಸ್ಟಿನೇಶನ್ (ದೇವರು ಮೊದಲೇ ನಿಗದಿ ಮಾಡುವುದು), ಫ್ರೀ ವಿಲ್ (ಮನುಷ್ಯ ತಾನೇ ಸ್ವತಂತ್ರವಾಗಿ ಆರಿಸಿಕೊಳ್ಳುವುದು) ಅನ್ನುತ್ತಾರಲ್ಲ, ಅವೇ. ಕನ್ನಡದಲ್ಲಿ ಇವಕ್ಕೆ ಪದಗಳಿಲ್ಲ ಅಂತಲ್ಲ. ಜಾಸ್ತಿಯೇ ಇವೆ. ಆದರೆ ಯಾವುದನ್ನು ಬಳಸಿದರೂ ಕಥೋಲಿಕ ಬೋಧನೆ ಹೇಳದೇ ಇರುವ ಏನೋ ಒಂದು ಅದರ ಜೊತೆಗೆ ಬಂದುಬಿಡುತ್ತದೆ.

ಮೊದಲು ಮೂಲದ ಮಾತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇರುವುದು ‘ಪ್ರೊಓರಿಜೊ’ ಎಂಬ ಕ್ರಿಯಾಪದ. ‘ಓರಿಜೊ’ ಅಂದರೆ ಎಲ್ಲೆ ಗುರುತಿಸು, ನಿಗದಿ ಮಾಡು. ‘ಪ್ರೊ’ ಅಂದರೆ ಮೊದಲೇ. ಇದು ಬರುವುದು ಬರೀ ಆರು ಸಲ: ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಎರಡು, ಎಫೆಸದವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಎರಡು, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಂದು, ಪ್ರೇಷಿತರ ಕಾರ್ಯಕಲಾಪಗಳಲ್ಲಿ ಒಂದು. ಯಾವುದಕ್ಕಾಗಿ ನಿಗದಿ ಮಾಡಿದರು ಅನ್ನುವುದನ್ನೂ ನೋಡಿ. ತಮ್ಮ ಪುತ್ರನ ಹಾಗೆ ಆಗುವುದಕ್ಕೆ, ದತ್ತುಮಕ್ಕಳಾಗುವುದಕ್ಕೆ, ನಮ್ಮ ಮಹಿಮೆಗೆ. ನರಕಕ್ಕೆ ಅಂತ ಒಂದು ಕಡೆಯೂ ಇಲ್ಲ.

ಹಾಗಾಗಿ ‘ಹಣೆಬರಹ’ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ಬ್ರಹ್ಮ ಬರೆದ ಅನ್ನಿ, ಉತ್ತರ ಕರ್ನಾಟಕದ ಕಡೆ ಹೇಳುವಂತೆ ಸೆಟವಿ ಬರೆದಳು ಅನ್ನಿ, ಅಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಬರೆದಿರುತ್ತದೆ. ಬರೆಯಿಸಿಕೊಂಡವನನ್ನು ಯಾರೂ ಕೇಳುವುದಿಲ್ಲ. ಇನ್ನೂ ಒಂದು ವಿಷಯ: ‘ಎಲ್ಲಾ ನನ್ನ ಹಣೆಬರಹ’ ಅಂತ ನಾವು ಹೇಳುವುದು ಏನಾದರೂ ಕೆಟ್ಟಾಗ ಮಾತ್ರ. ಮಗಳಿಗೆ ಕೆಲಸ ಸಿಕ್ಕರೆ ಯಾರೂ ಹಾಗನ್ನುವುದಿಲ್ಲ, ಅಲ್ವಾ? ಈ ಪತ್ರಗಳ ಪೌಲರು ಹೇಳುತ್ತಿರುವುದು ಸಂತೋಷದ ಸುದ್ದಿ. ‘ವಿಧಿ’ಗೂ ‘ನಸೀಬ’ಕ್ಕೂ ಇದೇ ಗತಿ. ‘ಪ್ರಾರಬ್ಧ’ದ ತೊಡಕು ತಿರುವುಮುರುವು. ಅದು ನಾನೇ ಹಿಂದೆ ಮಾಡಿದ್ದರ ಬಾಕಿ. ಎಫೆಸ ಪತ್ರವೋ, ಲೋಕ ಹುಟ್ಟುವುದಕ್ಕಿಂತ ಮೊದಲೇ ದೇವರು ಪ್ರೀತಿಯಿಂದ ಆರಿಸಿಕೊಂಡರು ಅನ್ನುತ್ತದೆ. ಆಗ ನಮ್ಮ ಲೆಕ್ಕದ ಪುಸ್ತಕವೇ ಶುರುವಾಗಿರಲಿಲ್ಲ.

‘ಪೂರ್ವನಿಯೋಜಿತ’ ಅಂತ ಯಾರೋ ಸೂಚಿಸಿದರು. ದಯವಿಟ್ಟು ಬೇಡ. ಪೇಪರು ಓದುವವರಿಗೆ ಅದರ ಮುಂದೆ ‘ಕೊಲೆ’ ಅನ್ನುವ ಪದ ತಾನೇ ಬಂದು ಕೂರುತ್ತದೆ.

ಹಳೆಯ ಕನ್ನಡ ಬೈಬಲಿನ ‘ಮೊದಲೇ ನೇಮಿಸಿದನು’ ನನಗೆ ಇಷ್ಟವೇ. ಈಗಿನ ಕಿವಿಗೆ ನೇಮಕಾತಿ ಆದೇಶದ ಹಾಗೆ ಕೇಳಿಸಬಹುದು, ಪರವಾಗಿಲ್ಲ. ನೇಮಕವಾದವನು ಹೋಗಿ ಕೆಲಸಕ್ಕೆ ಸೇರಬೇಕು, ಸೇರದೆಯೂ ಇರಬಹುದು.

ನಿಜವಾಗಿ ನನ್ನನ್ನು ಕಾಡುತ್ತಿರುವುದು ‘ಗೊತ್ತು’. ರೋಮ 8:29ರಲ್ಲಿ ಪೌಲರು ಎರಡು ಬೇರೆ ಕ್ರಿಯಾಪದ ಬಳಸುತ್ತಾರೆ. ಮೊದಲೇ ಅರಿತರು, ಮೊದಲೇ ನಿಗದಿ ಮಾಡಿದರು. ಕನ್ನಡದಲ್ಲಿ ಎರಡಕ್ಕೂ ‘ಗೊತ್ತು’ ನಡೆಯುತ್ತದೆ. ‘ನನಗೆ ಗೊತ್ತು’ ಅಂದರೆ ತಿಳಿದಿದೆ. ‘ಮದುವೆ ಗೊತ್ತಾಯಿತು’ ಅಂದರೆ ನಿಶ್ಚಯವಾಯಿತು. ‘ದೇವರಿಗೆ ಮೊದಲೇ ಗೊತ್ತಿತ್ತು’ ಅಂದರೆ ‘ದೇವರು ಮೊದಲೇ ಗೊತ್ತುಮಾಡಿದ್ದರು’ ಅಂತ ತರಗತಿಯಲ್ಲಿ ಕೂತವರು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಪ್ರಶ್ನೆ ಬಂದೇ ಬರುತ್ತದೆ: ಹಾಗಾದರೆ ಯೇಸುವನ್ನು ಹಿಡಿದುಕೊಟ್ಟ ಯೂದಾಸನದ್ದೇನು ತಪ್ಪು?

ಈ ಪ್ರಶ್ನೆ ಸುಮ್ನೆ ಎದ್ದದ್ದಲ್ಲ. ಪ್ರೇಷಿತರ ಕಾರ್ಯಕಲಾಪಗಳ 4:28 ಇದನ್ನೇ ಮುಟ್ಟುತ್ತದೆ. ಯೇಸುವಿನ ವಿರುದ್ಧ ಹೆರೋದ, ಪಿಲಾತ ಎಲ್ಲರೂ ಸೇರಿ ದೇವರು ಮೊದಲೇ ನಿಗದಿ ಮಾಡಿದ್ದನ್ನು ನೆರವೇರಿಸಿದರು ಅಂತ ಭಕ್ತರು ಪ್ರಾರ್ಥಿಸುತ್ತಾರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 600ನೇ ಕಂಡಿಕೆ ಇದೇ ವಚನ ಹಿಡಿದು ವಿವರಿಸುತ್ತದೆ. ಅದರ ತಾತ್ಪರ್ಯ ಇಷ್ಟು: ದೇವರಿಗೆ ಎಲ್ಲ ಕಾಲವೂ ಕಣ್ಣೆದುರಿನ ಈಗ. ಅವರು ತಮ್ಮ ಯೋಜನೆಯನ್ನು ನಿಗದಿ ಮಾಡುವಾಗ ಒಬ್ಬೊಬ್ಬರೂ ಸ್ವತಂತ್ರವಾಗಿ ಕೊಡುವ ಉತ್ತರವೂ ಅದರೊಳಗೇ ಸೇರಿರುತ್ತದೆ. ಮತ್ತಾಯ 26:24ರಲ್ಲಿ ಯೇಸುವೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನರಪುತ್ರನು (ತಮ್ಮನ್ನೇ ಹಾಗೆ ಕರೆದುಕೊಳ್ಳುತ್ತಾರೆ) ಬರೆದಿರುವಂತೆಯೇ ಹೊರಟುಹೋಗುತ್ತಾನೆ, ಆದರೆ ಅವನನ್ನು ಹಿಡಿದುಕೊಡುವವನ ಗತಿ ಏನು ಹೇಳಲಿ! ಬರೆದಿತ್ತು ಅನ್ನುವುದು ಅವನಿಗೆ ನೆಪವಾಗಲಿಲ್ಲ.

ನರಕಕ್ಕೆಂದು ಯಾರನ್ನೂ ಮೊದಲೇ ನಿಗದಿ ಮಾಡಿಲ್ಲ ಅನ್ನುವುದರಲ್ಲಿ ಕಥೋಲಿಕರಿಗೆ ಅನುಮಾನವೇ ಇಲ್ಲ. 529ರಲ್ಲಿ ಫ್ರಾನ್ಸಿನ ಒರಾಂಜ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ, ದೇವರೇ ಕೆಲವರನ್ನು ಕೆಟ್ಟದ್ದಕ್ಕೆ ನಿಗದಿ ಮಾಡಿದ್ದಾರೆ ಅನ್ನುವ ಮಾತನ್ನು ಶಪಿಸಿ ತಳ್ಳಿಹಾಕಿತು. ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿತ್ಯನಾಶ ಅಂತ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಬರೆದದ್ದು ಇದಾಗಿ ಸಾವಿರ ವರ್ಷದ ಮೇಲೆ. ನಮ್ಮಲ್ಲಿ ಎಷ್ಟೋ ಜನ ‘ಕ್ರೈಸ್ತರು ನಂಬುವುದು ಇದನ್ನೇ’ ಅಂತ ಎರಡನ್ನೂ ಕಲಸಿಬಿಡುತ್ತಾರೆ.

ಆದರೆ ಕಥೋಲಿಕರೊಳಗೇ ಒಂದು ಗಂಟು ಬಿಚ್ಚದೆ ಉಳಿದಿದೆ. ಪದ ಆರಿಸುವವರು ಇದನ್ನು ಗಮನಿಸಬೇಕು. 1588ರಲ್ಲಿ ಸ್ಪೇನಿನ ಯೇಸುಸಭೆಯ (ಜೆಸ್ವಿಟ್) ಗುರು ಲೂಯಿಸ್ ದೆ ಮೊಲಿನಾ ಒಂದು ಪುಸ್ತಕ ಪ್ರಕಟಿಸಿದರು. ಯಾವ ಸಂದರ್ಭದಲ್ಲಿ ಯಾರು ಏನನ್ನು ಆರಿಸಿಕೊಳ್ಳುತ್ತಾರೆ ಅನ್ನುವುದನ್ನು ದೇವರು ಅರಿತು ತಮ್ಮ ವರಪ್ರಸಾದ (ಉಚಿತವಾಗಿ ಕೊಡುವ ಕೃಪೆ) ಕೊಡುತ್ತಾರೆ ಅನ್ನುವುದು ಅವರ ದಾರಿ. ದೊಮಿನಿಕನ್ ಗುರು ಬಾನ್ಯೆಸ್ ಒಪ್ಪಲಿಲ್ಲ. ದೇವರ ವರಪ್ರಸಾದ ತಾನೇ ಮನಸ್ಸನ್ನು ನಡೆಸುತ್ತದೆ, ಆದರೂ ಮನಸ್ಸು ಸ್ವತಂತ್ರವಾಗಿಯೇ ಇರುತ್ತದೆ ಅಂದರು. ರೋಮಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 1607ರಲ್ಲಿ ಪೋಪ್ 5ನೇ ಪೌಲ್ ತೀರ್ಪನ್ನೇ ಕೊಡಲಿಲ್ಲ! ಒಬ್ಬರನ್ನೊಬ್ಬರು ಪಾಷಂಡಿಗಳು ಅಂತ ಕರೆಯಬೇಡಿ ಅಂದು ಎರಡೂ ಕಡೆಯವರನ್ನು ಮನೆಗೆ ಕಳಿಸಿದರು. ಈಗ ಹೇಳಿ, ರೋಮ್ ಬಿಡಿಸದ ಗಂಟನ್ನು ಕನ್ನಡದ ಒಂದು ಪದ ಗೊತ್ತಿಲ್ಲದೆ ಬಿಡಿಸಿಬಿಟ್ಟರೆ? ‘ಮುನ್ನರಿತು ಆರಿಸಿದರು’ ಅಂದರೆ ಮೊಲಿನಾ ಗೆದ್ದಂತೆ. ‘ತಾವೇ ನಿಶ್ಚಯಿಸಿಬಿಟ್ಟರು’ ಅಂದರೆ ಬಾನ್ಯೆಸ್ ಗೆದ್ದಂತೆ. ನಮಗೆ ಬೇಕಿರುವುದು ಎರಡು ಪಕ್ಷವನ್ನೂ ಸೇರದ ಪದ.

ಫ್ರೀ ವಿಲ್ ವಿಷಯಕ್ಕೆ ಬಂದರೆ ‘ಸ್ವೇಚ್ಛೆ’ ಕೈಕೊಡುತ್ತದೆ. ಅದರ ಹಿಂದೆಯೇ ‘ಸ್ವೇಚ್ಛಾಚಾರ’ ಬರುತ್ತದೆ. ‘ಮನಸೋಇಚ್ಛೆ’ ಅಂದರೆ ಥಳಿಸಿದ ಸುದ್ದಿಯೇ ನೆನಪಾಗುತ್ತದೆ. ‘ಸ್ವಇಚ್ಛೆ’ ಛಾಪಾ ಕಾಗದದಲ್ಲಿ ಚೆನ್ನಾಗಿ ಬಾಳುತ್ತಿದೆ: ‘ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಬರೆದುಕೊಟ್ಟ...’. ಗಂಭೀರವಾಗಿದೆ, ಹೊಣೆಯೂ ಇದೆ. ನನಗೆ ಇದರ ಮೇಲೇ ಕಣ್ಣು. ಆದರೆ ಲ್ಯಾಟಿನಿನ ‘ಲೀಬೆರುಂ ಆರ್ಬಿತ್ರಿಯುಂ’ನಲ್ಲಿ ಇಚ್ಛೆ ಅನ್ನುವ ಪದವೇ ಇಲ್ಲ. ‘ಆರ್ಬಿತ್ರಿಯುಂ’ ಅಂದರೆ ತೀರ್ಮಾನ. ಬೇಕು ಅನ್ನಿಸುವುದು ಒಂದು, ತೂಗಿ ನೋಡಿ ತೀರ್ಮಾನಿಸುವುದು ಇನ್ನೊಂದು. 1547ರ ಜನವರಿ 13ರಂದು ಕಥೋಲಿಕ ಧರ್ಮಸಭೆಯ ತ್ರೆಂತ್ ಮಹಾಸಭೆ ಈ ಪದವನ್ನೇ ಬಳಸಿತು. ಆದಾಮನ ಪಾಪದಿಂದ ಅದು ಅಳಿದುಹೋಗಿಲ್ಲ, ಈಗ ಬರೀ ಹೆಸರಿಗೆ ಇದೆ ಅನ್ನುವುದೂ ಸರಿಯಲ್ಲ, ದೇವರು ಎಬ್ಬಿಸಿದಾಗ ಅದು ನಿರ್ಜೀವ ವಸ್ತುವಿನ ಹಾಗೆ ಬಿದ್ದಿರದೆ ತಾನೂ ಕೈಜೋಡಿಸುತ್ತದೆ ಅಂದಿತು. ಇದಕ್ಕೆ ತುಂಬ ಹಿಂದೆಯೇ ಸಿರಾಖನ ಗ್ರಂಥ 15:14 ಚೆಂದದ ಮಾತು ಹೇಳಿದೆ. ದೇವರು ಮನುಷ್ಯನನ್ನು ಉಂಟುಮಾಡಿ ಅವನ ತೀರ್ಮಾನದ ಕೈಗೇ ಅವನನ್ನು ಬಿಟ್ಟರಂತೆ. ಮುಂದಿನ ವಚನಗಳಲ್ಲಿ ಬೆಂಕಿಯೂ ನೀರೂ ಎದುರಿಗಿವೆ, ಬೇಕಾದ ಕಡೆ ಕೈಚಾಚು ಅನ್ನುತ್ತದೆ. ಪ್ರಾಟೆಸ್ಟಂಟರ ಬೈಬಲಿನಲ್ಲಿ ಈ ಗ್ರಂಥ ಇರುವುದಿಲ್ಲ, ಅಲ್ಲಿ ಹುಡುಕಬೇಡಿ.

ಎರಡೂ ಪದ ಒಟ್ಟಿಗೆ ನಿಲ್ಲುವ ಜಾಗ ಲೂಕನ ಶುಭಸಂದೇಶದ 1ನೇ ಅಧ್ಯಾಯ. ಯೇಸುವಿನ ತಾಯಿಯಾಗಲು ದೇವರು ಮರಿಯಮ್ಮನವರನ್ನು ಮೊದಲೇ ಆರಿಸಿಕೊಂಡಿದ್ದಾರೆ, ದೂತ ಬಂದು ಹೇಳಿಯೂ ಆಗಿದೆ. ಆದರೂ ಆಕೆ ಒಂದು ಪ್ರಶ್ನೆ ಕೇಳುತ್ತಾರೆ, ಆಮೇಲೆ ‘ಆಗಲಿ’ ಅನ್ನುತ್ತಾರೆ. 12ನೇ ಶತಮಾನದ ಸಂತ ಬರ್ನಾರ್ಡರು ಒಂದು ಪ್ರಬೋಧನೆಯಲ್ಲಿ, ಬೇಗ ಉತ್ತರ ಕೊಡು ತಾಯಿ, ಲೋಕವೆಲ್ಲ ಕಾಯುತ್ತಿದೆ ಅಂತ ಆಕೆಯನ್ನು ಬೇಡಿಕೊಳ್ಳುತ್ತಾರೆ. ಹಣೆಯಲ್ಲಿ ಬರೆದದ್ದಕ್ಕೆ ಯಾರೂ ಹೀಗೆ ಕಾಯುವುದಿಲ್ಲ.

ಹಾಗಾಗಿ ಸದ್ಯಕ್ಕೆ ನನ್ನ ಕರಡಿನಲ್ಲಿ ಒಂದಕ್ಕೆ ‘ಮುಂಗುರಿ’, ಇನ್ನೊಂದಕ್ಕೆ ‘ಸ್ವತಂತ್ರ ತೀರ್ಮಾನ’ ಅಂತ ಬರೆದಿದ್ದೇನೆ. ‘ಗೊತ್ತುಗುರಿ ಇಲ್ಲದೆ ಅಲೆಯುವುದು’ ಅನ್ನುತ್ತೇವಲ್ಲ, ಆ ‘ಗುರಿ’ಯನ್ನು ಇಟ್ಟುಕೊಂಡು ‘ಗೊತ್ತ’ನ್ನು ಬಿಟ್ಟೆ. ‘ಮುಂಗುರಿ’ ನಾನು ಕಟ್ಟಿದ ಪದ. ಕಿವಿಗೆ ‘ಮುಂಗುರುಳು’ ಅಂತ ಕೇಳಿಸುತ್ತದೆ ಅಂತ ಮನೆಯಲ್ಲಿ ಆಗಲೇ ನಗುತ್ತಿದ್ದಾರೆ.

ನನ್ನ ಪ್ರಶ್ನೆಗಳು ಇವು. ನಿಮ್ಮ ಕಡೆ ‘ಗೊತ್ತುಮಾಡು’ ಅಂದರೆ ನಿಗದಿ ಮಾಡು ಅಂತ ಮೊದಲು ಹೊಳೆಯುತ್ತದೋ, ವಿಚಾರಿಸಿ ತಿಳಿದುಕೋ ಅಂತಲೋ? ‘ಮೊದಲೇ ನೇಮಿಸಿದರು’ ಅನ್ನುವುದನ್ನೇ ಉಳಿಸಿಕೊಳ್ಳಬಹುದಾ? ಕೊಂಕಣಿ ಕಥೋಲಿಕರು ಯಾರಾದರೂ ಇದ್ದರೆ, ಮಂಗಳೂರಿನ ಕಡೆ ಪ್ರಬೋಧನೆಯಲ್ಲಿ ಗುರುಗಳು ಇದಕ್ಕೆ ಯಾವ ಪದ ಬಳಸುತ್ತಾರೆ ಅಂತ ತಿಳಿಸಿ.